ಕಿನಬತಾಂಗನ್ ಹೊಳೆಯಲ್ಲಿ ಒಂದೂವರೆ ಕಾಲು

ಅರಸೀಕೆರೆ

ನನ್ನ ಬಲಗಾಲು ಎಡಗಾಲಿಗಿಂತ ಗಿಡ್ಡ, ಸಣ್ಣ. ಮಗುವಾಗಿದ್ದಾಗ ಬಂದ ಪೋಲಿಯೋ ಅದನ್ನು ಅಷ್ಟಕ್ಕೇ ನಿಲ್ಲಿಸಿಬಿಟ್ಟಿತು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಪಟ್ಟಿ, ನಡುವೆ ಚರ್ಮದ ಬೆಲ್ಟುಗಳು, ತಳಕ್ಕೆ ದಪ್ಪ ಅಟ್ಟೆಯ ಶೂ. ಇದಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಇದನ್ನು ಬಿಗಿದುಕೊಂಡು, ಕೈಯಲ್ಲೊಂದು ಕೋಲು ಹಿಡಿದು ನಡೆಯುತ್ತೇನೆ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನನ್ನನ್ನು ಕಂಡವರೆಲ್ಲ ಮೊದಲು ನೋಡುವುದು ಅದನ್ನೇ. ನೋಡಿ ಮುಗಿಸಿದ್ದರೆ ಮುಂದೆ ಹೋಗೋಣ.

ಹೆಸರು ಗಿರಿಜಾ. ಅರಸೀಕೆರೆಯಲ್ಲಿ ನಮ್ಮಪ್ಪನ ಕೊಬ್ಬರಿ ಮಂಡಿಯನ್ನು ನಾನೇ ನಡೆಸುತ್ತೇನೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಈಗ ಊರಿನಲ್ಲಿ ಯಾರಿಗೂ ಉಳಿದಿಲ್ಲ.

ಮಾಲೇಕಲ್ಲು ಬೆಟ್ಟಕ್ಕೆ ಮನೆಯವರೆಲ್ಲ ಹೋದಾಗ ನಾನು ಕೆಳಗೆ ಮರದಡಿ ಕೂತು ಚಪ್ಪಲಿ ಕಾಯಬೇಕು. ಚಿಕ್ಕಂದಿನಿಂದ ಇದೇ ಪದ್ಧತಿ. ಇಳಿದು ಬಂದವರು ಪ್ರಸಾದ ಕೊಟ್ಟು, "ಪಾಪ, ನಿನಗೂ ಪುಣ್ಯ ಬಂತು ಬಿಡು" ಅನ್ನುತ್ತಿದ್ದರು. ಪುಣ್ಯ ಬಂದಿರಬಹುದು. ಬೆಟ್ಟದ ಮೇಲಿಂದ ಊರು ಹೇಗೆ ಕಾಣುತ್ತದೆ ಅನ್ನುವುದು ಮಾತ್ರ ಬರಲಿಲ್ಲ.

ಒಂದು ದಿನ ಮಂಡಿಯಲ್ಲಿ ವ್ಯಾಪಾರವಿಲ್ಲದ ಹೊತ್ತು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಬೋರ್ನಿಯೋ ದ್ವೀಪದ ಮಳೆಕಾಡು. ಕಂದು ಬಣ್ಣದ ಅಗಲವಾದ ಹೊಳೆ, ಎರಡೂ ಕಡೆ ನೀರಿಗೆ ಬಾಗಿದ ಮರಗಳು, ಆರೇಳು ಜನ ಕೂತ ಸಣ್ಣ ದೋಣಿ. ನಾನು ಕಾಡನ್ನು ನೋಡಲಿಲ್ಲ, ದೋಣಿಯನ್ನು ನೋಡಿದೆ. ಅದರಲ್ಲಿ ಎಲ್ಲರೂ ಕೂತಿದ್ದರು. ಒಬ್ಬ ಎದ್ದು ನಿಂತದ್ದಕ್ಕೆ ದೋಣಿಯವನು ಬೈದು ಕೂರಿಸಿದ. ನಿಲ್ಲುವುದೇ ತಪ್ಪು ಅನ್ನುವ ಜಾಗ ಭೂಮಿಯ ಮೇಲೆ ಇದೆ ಅಂತ ನನಗೆ ಅವತ್ತು ಗೊತ್ತಾಯಿತು.

ನಾನು ಅಲ್ಲಿಗೆ ಹೋಗುತ್ತೇನೆ ಅಂದದ್ದನ್ನು ಕೇಳಿದ ಕೂಡಲೇ ನಮ್ಮಣ್ಣ ಅಂದ, "ಕಾಲು ಸರಿ ಇರೋರೇ ಅಲ್ಲಿಗೆ ಹೋಗಲ್ಲ ಕಣೇ. ಕಾಶಿಗೆ ಹೋಗು, ಡೋಲಿ ಮಾಡಿಸ್ಕೊಡ್ತೀನಿ."

"ಡೋಲಿಲಿ ನೀನು ಹೋಗು, ನಿಂಗೂ ವಯಸ್ಸಾಯ್ತು" ಅಂದೆ. ಅಲ್ಲಿಗೆ ಆ ಮಾತು ನಿಂತಿತು.

ಜೊತೆಗೆ ಹೊರಟವಳು ಜಯಕ್ಕ. ಹಳೇಬೀಡಿನ ಹತ್ತಿರ ಹುಲಿಕೆರೆಯವಳು. ಗಂಡ ತೀರಿಕೊಂಡ ಮೇಲೆ ತೋಟದ ಕಾಯಿಯನ್ನು ತಾನೇ ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ನಮ್ಮ ಮಂಡಿಗೆ ಬರತೊಡಗಿದಳು. ತೂಕದ ವಿಷಯಕ್ಕೆ ಮೊದಲ ದಿನವೇ ನನ್ನ ಜೊತೆ ಜಗಳ ತೆಗೆದಳು. ನನ್ನ ಕಾಲು ನೋಡಿ ಜಗಳವನ್ನು ಒಂದು ಮಾತೂ ಕಡಿಮೆ ಮಾಡಲಿಲ್ಲ. ಅವತ್ತಿನಿಂದ ನಾವು ಗೆಳತಿಯರು. ಎತ್ತರದ, ಗಟ್ಟಿ ಹೆಂಗಸು. ವಿಮಾನ ಹತ್ತಿದವಳಲ್ಲ, ಇಂಗ್ಲಿಷ್ ಬಾರದು. "ಬತ್ತೀನಿ ಬಿಡು. ಸತ್ರೆ ಇಬ್ರೂ ಸಾಯಾಣ, ಮಾತಾಡ್ಕೊಂಡು" ಅಂದಳು.

ಸಂಡಾಕನ್

ಸಂಡಾಕನ್ ಬೋರ್ನಿಯೋದ ಮಲೇಷಿಯಾ ಭಾಗದಲ್ಲಿರುವ ಸಮುದ್ರದಂಡೆಯ ಊರು. ದೋಣಿಕಟ್ಟೆಯಲ್ಲಿ ನಮ್ಮ ಗುಂಪಿನ ಉಳಿದವರು ಸಿಕ್ಕರು: ಆಸ್ಟ್ರೇಲಿಯಾದ ನಿವೃತ್ತ ನರ್ಸ್ ಹೆಲೆನ್, ಮತ್ತೆ ಎಲ್ಲಿ ನೋಡಿದರೂ ಪರಸ್ಪರ ಫೋಟೋ ತೆಗೆದುಕೊಳ್ಳುತ್ತಿದ್ದ ಒಬ್ಬ ಜರ್ಮನ್ ಗಂಡ ಹೆಂಡತಿ. ನಮ್ಮನ್ನು ಕರೆದೊಯ್ಯುವ ಗೈಡ್ ಅಜ್ಮಾನ್. ನಾವು ಹೊರಟಿದ್ದ ಕಿನಬತಾಂಗನ್ ಹೊಳೆಯ ದಂಡೆಯ ಹಳ್ಳಿಯಲ್ಲಿ ಹುಟ್ಟಿದ ಮೂವತ್ತೈದರ ಆಸುಪಾಸಿನ ಗಂಡಸು. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ.

ಅವನು ನನ್ನ ಕಾಲು ನೋಡಿದ, ಕೋಲು ನೋಡಿದ. ಆಮೇಲೆ ಜಯಕ್ಕನ ಕಡೆ ತಿರುಗಿ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದ, "ಇವರು ದೋಣಿ ಹತ್ತಬಲ್ಲರೇ? ಇವರಿಗೆ ಔಷಧಿ ಏನಾದರೂ ಇದೆಯೇ?"

ಜಯಕ್ಕ ಗಂಭೀರವಾಗಿ "ಎಸ್, ಎಸ್" ಅಂದಳು. ನನ್ನ ಕಡೆ ಬಾಗಿ, "ಏನಂತೆ ಇವ್ನಿಗೆ?" ಅಂತ ಕೇಳಿದಳು.

ಇದು ನನಗೆ ಹೊಸದಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ನನಗೆ ಏನು ಬೇಕು ಅನ್ನುವುದನ್ನು ಜನ ಪಕ್ಕದವರನ್ನು ಕೇಳುತ್ತಾರೆ. ಎರಡೂ ಕಾಲು ನೆಟ್ಟಗಿದ್ದವರಿಗೆ ಎಲ್ಲ ಗೊತ್ತಿರುತ್ತದೆ ಅನ್ನುವ ಲೆಕ್ಕ. ಸಮುದ್ರ ದಾಟಿ ಬಂದರೂ ಲೆಕ್ಕ ಬದಲಾಗಿರಲಿಲ್ಲ.

"ನನ್ನನ್ನು ಕೇಳಿ. ಇವಳಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ದೋಣಿ ಹತ್ತುವುದು ಬರುತ್ತದೆ" ಅಂದೆ. ಬರುತ್ತಿತ್ತು ಅಂತೇನೂ ಅಲ್ಲ. ಹತ್ತಿದ್ದು ಅದೇ ಮೊದಲು. ಕಟ್ಟೆಯ ಅಂಚಿನಲ್ಲಿ ಕೂತು, ಕಾಲನ್ನು ಕೈಯಿಂದ ಎತ್ತಿ ದೋಣಿಯೊಳಗಿಟ್ಟು, ಸೀರೆ ಸಮೇತ ಜಾರಿದೆ. ಧಡ್ ಅಂತ ಬಿದ್ದೆ. ದೋಣಿ ಓಲಾಡಿತು. ಜರ್ಮನ್ ಹೆಂಗಸು ಚೀರಿದಳು. ನಾನು ಸೆರಗು ಸರಿಮಾಡಿಕೊಂಡು, ಮುಂದಿನ ಸೀಟೇ ಬೇಕು ಅಂತ ಮುಂದಿನ ಸೀಟಿನಲ್ಲೇ ಕೂತೆ.

ಕೊಲ್ಲಿ ದಾಟಿ ದೋಣಿ ಹೊಳೆಯ ಬಾಯಿಗೆ ನುಗ್ಗಿತು. ಮೊದಲು ಕೆಸರಿನಲ್ಲಿ ಬೇರು ಊರಿ ನಿಂತ ಕಾಂಡ್ಲಾ ಕಾಡು. ಆಮೇಲೆ ನೀರಿನಿಂದ ನೇರ ಎದ್ದ ಗರಿಗಳ ನಿಪಾ ಅನ್ನುವ ತಾಳೆ ಜಾತಿ. ನಮ್ಮ ತೆಂಗಿನ ಮರವನ್ನು ಕುತ್ತಿಗೆವರೆಗೆ ಹೂತರೆ ಹೇಗಿರುತ್ತದೋ ಹಾಗೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎಲ್ಲರೂ ಕೂತಿದ್ದರು. ಎಲ್ಲರ ತಲೆಯೂ ಒಂದೇ ಎತ್ತರದಲ್ಲಿತ್ತು. ನನಗೆ ಜೋರಾಗಿ ನಗು ಬಂತು.

"ಏನೇ?" ಅಂದಳು ಜಯಕ್ಕ.

"ಏನಿಲ್ಲ. ಸೀಟು ಚೆನ್ನಾಗಿದೆ" ಅಂದೆ.

ಹೊಳೆಯ ಮನೆ

ನಾವು ಇಳಿದುಕೊಂಡದ್ದು ಹೊಳೆದಂಡೆಯಲ್ಲಿ ಕಂಬಗಳ ಮೇಲೆ ಕಟ್ಟಿದ ಮರದ ಮನೆಯಲ್ಲಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವರಾಂಡದಲ್ಲಿ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆಗೆ ಕೂತೆ. ಅದೇ ವರಾಂಡದ ಇನ್ನೊಂದು ತುದಿಯಲ್ಲಿ ಅಜ್ಮಾನ್ ಚಾಪೆ ಹಾಸಿ ನಮಾಜು ಮಾಡುತ್ತಿದ್ದ. ಅವನು ಮುಗಿಸಿ, ನಾನು ಕಣ್ಣು ಬಿಡುವವರೆಗೆ ಸುಮ್ಮನೆ ಕಾದು, ಆಮೇಲೆ ಚಹಾಕ್ಕೆ ಕರೆದ. ಅವನ ಬಗ್ಗೆ ಮೊದಲ ಸಲ ಒಳ್ಳೆಯ ಅಭಿಪ್ರಾಯ ಬಂತು.

ಊಟ ನನಗೆ ಕಷ್ಟವಾಯಿತು. ಮೀನು ಮಾಂಸ ಮುಟ್ಟುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅಡುಗೆಯಾಕೆ ನನಗೆಂದೇ ಒಂದು ಸೊಪ್ಪಿನ ಪಲ್ಯ ಮಾಡಿಟ್ಟಳು. ಎರಡು ತುತ್ತು ತಿಂದ ಮೇಲೆ ಏನೋ ವಾಸನೆ. ಕೇಳಿದರೆ, "ಮೀನಿಲ್ಲ, ಮಾಂಸವಿಲ್ಲ. ಘಮಕ್ಕೆ ಒಂಚೂರು ಸಿಗಡಿ ಅರೆದು ಹಾಕಿದ್ದೇನೆ ಅಷ್ಟೇ" ಅಂತ ಅರೆಬರೆ ಇಂಗ್ಲಿಷಿನಲ್ಲಿ ಪ್ರೀತಿಯಿಂದ ಹೇಳಿದಳು.

ಜಯಕ್ಕ ಮೀನು ತಿನ್ನುವವಳು. ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, "ಹೋಗ್ಲಿ ಬಿಡು, ನಿಮ್ಮ ಮಠದ ಬುದ್ಧಿಯೋರಿಗೆ ನಾನೇನೂ ಹೇಳಕ್ಕೋಗಲ್ಲ" ಅಂದಳು.

ಅಲ್ಲಿಂದ ಮುಂದೆ ನಾನು ತಂದಿದ್ದ ರಾಗಿ ಹುರಿಹಿಟ್ಟೇ ಗತಿ. ಅದಕ್ಕೆ ಕಾಯಿಹಾಲು ಬೇಕಿತ್ತು. ಮಲಯ ಭಾಷೆಯಲ್ಲಿ ತೆಂಗಿಗೆ ಕಲಾಪಾ ಅನ್ನುತ್ತಾರೆ ಅಂತ ಕಲಿತುಕೊಂಡು ಅಡುಗೆಮನೆಗೆ ಹೋದೆ. ಬಾಯಿ ತಪ್ಪಿ "ಕಪಾಲಾ ಬೇಕು" ಅಂದೆ. ಅವರ ಭಾಷೆಯಲ್ಲೂ ಕಪಾಲ ಅಂದರೆ ತಲೆಯೇ. ಆಕೆ ನಕ್ಕೂ ನಕ್ಕೂ ಕಡೆಗೆ ಗೂಡೆಯನ್ನೇ ಎತ್ತಿ ತಂದಳು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಒಳ್ಳೆಯದನ್ನು ಆರಿಸಿದೆ. ಅಷ್ಟರಲ್ಲಿ ಆಕೆ ನನ್ನ ಕಾಲು ನೋಡುವುದನ್ನು ಬಿಟ್ಟು ಕೈ ನೋಡತೊಡಗಿದ್ದಳು.

ದಿನಕ್ಕೆ ಎರಡು ಸಲ ದೋಣಿಯಲ್ಲಿ ಹೊಳೆ ಸುತ್ತುತ್ತಿದ್ದೆವು. ಬದನೆಕಾಯಿಯಂಥ ಮೂಗು ಜೋತುಬಿದ್ದ ಕೋತಿಗಳು ಸಂಸಾರ ಸಮೇತ ಹೊಳೆಗೆ ಮುಖ ಮಾಡಿ ಕೂತಿರುತ್ತಿದ್ದವು. ಹಿಂದೆ ಆಳಲು ಬಂದ ಡಚ್ಚರ ಮೂಗು ಹೀಗೇ ಇತ್ತೆಂದು ಇಲ್ಲಿಯವರು ಈ ಕೋತಿಗೆ ಡಚ್ಚ ಅಂತ ಕರೆಯುತ್ತಾರಂತೆ. ಜಯಕ್ಕ ಒಂದು ಗಂಡುಕೋತಿಯನ್ನು ಬಹಳ ಹೊತ್ತು ನೋಡಿ, "ನಮ್ಮ ಮಾವ" ಅಂದಳು.

ಕೆರೆಗೆ ದಾರಿ

ಹೊಳೆ ತನ್ನ ಹಳೆಯ ಪಾತ್ರ ಬಿಟ್ಟು ನೆಟ್ಟಗೆ ಹರಿದುಹೋದಾಗ ಹಿಂದೆ ಬಳೆಯ ತುಂಡಿನಂಥ ಕೆರೆಗಳು ಉಳಿಯುತ್ತವೆ. ಕಾಡಿನೊಳಗೆ ಅಂಥ ಒಂದು ಕೆರೆ ಇತ್ತು. ಅದನ್ನು ನೋಡಲು ಎಲ್ಲರೂ ಕಾಯುತ್ತಿದ್ದೆವು. ಅಲ್ಲಿಗೆ ಮರದ ಹಲಗೆ ಹಾಸಿದ ದಾರಿ ಇತ್ತಂತೆ. ಈಚಿನ ಪ್ರವಾಹಕ್ಕೆ ಹಲಗೆಗಳು ಕೊಚ್ಚಿಹೋಗಿ, ಈಗ ಮೊಣಕಾಲುದ್ದ ಕೆಸರಿನಲ್ಲಿ ನಡೆಯಬೇಕು.

ಅಜ್ಮಾನ್ ಇದನ್ನೆಲ್ಲ ಗುಂಪಿಗೆ ವಿವರಿಸಿ, ಕೊನೆಗೆ ನನ್ನ ಕಡೆ ತಿರುಗಿ ನಕ್ಕ. "ಮೇಡಂ, ನೀವು ಆರಾಮಾಗಿ ವರಾಂಡದಲ್ಲಿ ಕೂತಿರಿ. ಇಲ್ಲಿಂದಲೂ ಚೆನ್ನಾಗಿ ಕಾಣುತ್ತದೆ."

"ಕೆರೆ ಕಾಣುತ್ತದೆಯೇ?"

"ಹೊಳೆ ಕಾಣುತ್ತದೆ."

"ಪ್ರವಾಹದ ನೀರು ಕೆರೆಗೆ ಎಲ್ಲಿಂದ ಹೋಯಿತು?"

"ಒಂದು ಸಣ್ಣ ಹಳ್ಳ ಇದೆ. ನೀರು ಇಳಿಯುತ್ತಿದೆ, ಮರಗಳು ಬಿದ್ದಿವೆ. ನಮ್ಮ ದೋಣಿ ಹೋಗುವುದಿಲ್ಲ. ನಿಮ್ಮ ಕಾಲಿನಲ್ಲಿ ಇದೆಲ್ಲ ಬೇಡ, ಮೇಡಂ."

ಅವರು ಹೊರಟರು. ಜಯಕ್ಕ ತಲೆನೋವು ಅಂತ ಹೇಳಿ ಉಳಿದಳು. ಅವಳಿಗೆ ಜನ್ಮದಲ್ಲಿ ತಲೆನೋವು ಬಂದದ್ದಿಲ್ಲ.

"ಹೋಗೇ ನೀನು. ನನ್ನ ಕಾಯೋಕೆ ಬಂದಿದ್ದೀಯಾ?" ಅಂತ ರೇಗಿದೆ.

"ಕೆಸ್ರು ತುಳಿಯಕ್ಕೆ ವಿಮಾನ ಹತ್ಬೇಕಾ? ನಮ್ಮ ಗದ್ದೇಲಿ ಬೇಕಾದಷ್ಟೈತೆ" ಅಂದಳು.

ಅಷ್ಟರಲ್ಲಿ ಸಣ್ಣ ದೋಣಿಯೊಂದು ಕಟ್ಟೆಗೆ ಬಂದು ತಾಗಿತು. ಒಬ್ಬಳೇ ಹುಟ್ಟು ಹಾಕುತ್ತಿದ್ದ ಒಣಕಲು ಮೈಯ ವಯಸ್ಸಾದ ಹೆಂಗಸು ಅಡುಗೆಮನೆಗೆ ಸಿಗಡಿ ಕೊಡಲು ಬಂದಿದ್ದಳು. ಎಲ್ಲರೂ ಅವಳನ್ನು ಮಾಕ್ ಸಿತಿ ಅನ್ನುತ್ತಿದ್ದರು. ಮಾಕ್ ಅಂದರೆ ಅಮ್ಮ. ಇಲ್ಲಿಂದ ಎಲ್ಲಿಗೆ ಹೋಗುತ್ತಾಳೆ ಅಂತ ಅಡುಗೆಯಾಕೆಯ ಮೂಲಕ ಕೇಳಿಸಿದೆ. ಕೆರೆಯಲ್ಲಿ ಒಡ್ಡಿದ ಬುಟ್ಟಿಗಳನ್ನು ಎತ್ತಲು ಅಂದಳು. ಹಳ್ಳದ ದಾರಿಯಲ್ಲೇ.

ನಾನು ಜಯಕ್ಕನ ಮುಖ ನೋಡಿದೆ. ಜಯಕ್ಕ ಆಕಾಶ ನೋಡಿದಳು.

ಮಾಕ್ ಸಿತಿ ನನ್ನ ಕಾಲಿನ ಕಬ್ಬಿಣವನ್ನು ಬೆರಳಿನಿಂದ ಟಣ್ ಟಣ್ ಅಂತ ತಟ್ಟಿ ನೋಡಿದಳು. ಆಮೇಲೆ ಏನೋ ಹೇಳಿದಳು. "ಅಲ್ಲಾಡದೆ ಕೂತರೆ ಕರೆದುಕೊಂಡು ಹೋಗುತ್ತಾಳಂತೆ" ಅಂದಳು ಅಡುಗೆಯಾಕೆ. ಅಜ್ಮಾನ್ ಬಂದರೆ ತಿಳಿಸು ಅಂತ ಅವಳಿಗೆ ಹೇಳಿ, ಲೈಫ್ ಜಾಕೆಟ್ ಬಿಗಿದುಕೊಂಡು ಇಬ್ಬರೂ ಹತ್ತಿದೆವು.

ಹಳ್ಳ ಎರಡು ಮಾರು ಅಗಲವಿತ್ತು. ತಲೆಯ ಮೇಲೆ ಕೊಂಬೆಗಳು ಕೂಡಿಕೊಂಡು ಹಸಿರು ಗುಹೆಯಂತಾಗಿತ್ತು. ಇಂಜಿನ್ ಸದ್ದಿಲ್ಲ. ಹುಟ್ಟು ನೀರಿಗೆ ಬೀಳುವ ಸದ್ದು, ಎಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆಯ ಭರ್ರನೆ ಸದ್ದು. ಮಾಕ್ ಸಿತಿ ಹಿಂದಿನಿಂದ ಜಯಕ್ಕನನ್ನು "ಸುವಾಮಿ?" ಅಂತ ಕೇಳಿದಳು.

"ಯಾವ ಸ್ವಾಮಿ ಕೇಳ್ತಾವ್ಳೆ?" ಅಂತ ಜಯಕ್ಕ ನನ್ನನ್ನು ಕೇಳಿದಳು. ಅವರಲ್ಲಿ ಹಾಗಂದರೆ ಗಂಡ ಅಂತ ನನಗೆ ಅಜ್ಮಾನ್ ಹೇಳಿದ್ದ. ತಿಳಿಸಿದೆ. ಜಯಕ್ಕ ಕೈಯನ್ನು ಆಕಾಶಕ್ಕೆ ತೋರಿಸಿದಳು. ಮಾಕ್ ಸಿತಿ ತಾನೂ ಆಕಾಶಕ್ಕೆ ತೋರಿಸಿದಳು. ಇಬ್ಬರೂ ತಲೆಯಾಡಿಸಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಒಂದು ತಿರುವಿನಲ್ಲಿ ದೊಡ್ಡ ಮರ ಅಡ್ಡ ಬಿದ್ದಿತ್ತು. ದೋಣಿಯನ್ನು ದಂಡೆಯ ಕೆಸರಿನ ಮೇಲೆ ಎಳೆದು ಆಚೆ ಇಳಿಸಬೇಕು. ಜಯಕ್ಕ ಸೀರೆ ಎತ್ತಿ ಕಟ್ಟಿ ಇಳಿದಳು. ನಾನೂ ಇಳಿಯಲೇಬೇಕು. ಕೋಲು ಊರಿದೆ, ಅದು ಹಿಡಿಯವರೆಗೆ ಒಳಗೆ ಹೋಯಿತು. ಒಂದು ಹೆಜ್ಜೆ ಇಟ್ಟೆ, ಕ್ಯಾಲಿಪರ್ ಕಾಲು ಹುದುಲಿನಲ್ಲಿ ಇಳಿಯಿತು, ಇಳಿಯುತ್ತಲೇ ಹೋಯಿತು. ಎಳೆದೆ. ಟಪ್ ಟಪ್ ಅಂತ ಬೆಲ್ಟುಗಳು ಹರಿದವು. ಕಾಲು ಬಂತು, ಶೂ ಬರಲಿಲ್ಲ.

ಜಯಕ್ಕ ಮೊಣಕಾಲೂರಿ ತೋಳಿನವರೆಗೆ ಕೈ ಹಾಕಿ ತಡಕಿದಳು. ಕಬ್ಬಿಣದ ಒಂದು ಪಟ್ಟಿ ಸೊಟ್ಟಗಾಗಿ ಕೈಗೆ ಬಂತು. ಶೂ ಬೋರ್ನಿಯೋದ ಹೊಟ್ಟೆಗೆ ಹೋಗಿತ್ತು.

"ಸಾಕು ಕಣೇ ಗಿರಿಜಾ" ಅಂದಳು. "ವಾಪಸ್ ಹೋಗಣ. ಇನ್ನೇನು ಉಳೀತು ನೋಡಕ್ಕೆ?"

ಕೆಸರಿನಲ್ಲಿ ಕೂತಿದ್ದೆ. ಪಾದದ ಮೇಲೆ ಜಿಗಣೆಯೊಂದು ಹತ್ತಿಕೊಳ್ಳುತ್ತಿತ್ತು. ಅಳು ಬಂತು, ನಿಜ. ಜೊತೆಗೆ ಅದಕ್ಕಿಂತ ದೊಡ್ಡ ಸಿಟ್ಟೂ ಬಂತು. "ಶೂ ಹೋದ ಮೇಲೆ ಹಿಂದಕ್ಕೆ ಹೋದ್ರೂ ಅಷ್ಟೇ, ಮುಂದಕ್ಕೆ ಹೋದ್ರೂ ಅಷ್ಟೇ. ಮುಂದೆ ಕೆರೆಯಾದ್ರೂ ಇದೆ" ಅಂದೆ.

ಕೂತಲ್ಲಿಂದಲೇ ಕೈ ಊರಿ ಹಿಂದು ಹಿಂದಕ್ಕೆ ಜಾರತೊಡಗಿದೆ. ಚಿಕ್ಕಂದಿನಲ್ಲಿ, ಕ್ಯಾಲಿಪರ್ ಕೊಡಿಸುವ ಮೊದಲು, ನಮ್ಮ ಮನೆಯ ಹಜಾರದಲ್ಲಿ ಹೀಗೇ ಓಡಾಡುತ್ತಿದ್ದೆ. ಅಂಗೈ ಕೆಸರಿನಲ್ಲಿ ಮುಳುಗುತ್ತಿತ್ತು, ಸೀರೆ ಕೆಸರು ತುಂಬಿ ಚೀಲದಂತಾಗಿತ್ತು. ಮಾಕ್ ಸಿತಿ, ಜಯಕ್ಕ ಇಬ್ಬರೂ ದೋಣಿಯನ್ನು ಎಳೆದರು. ನನ್ನನ್ನು ಎತ್ತಲು ಬಂದಾಗ ಬೇಡ ಅಂದೆ. ಮರದ ಆಚೆ ಬದಿಗೆ ನಾನೇ ಹೋಗಿ, ನಾನೇ ದೋಣಿಯೊಳಗೆ ಉರುಳಿಕೊಂಡೆ.

ಇನ್ನೊಂದು ತಿರುವು. ಆಮೇಲೆ ಕೊಂಬೆಗಳು ಸರಿದು ಒಮ್ಮೆಲೇ ಬೆಳಕು.

ಕೆರೆ ಅಲ್ಲಾಡದೆ ಮಲಗಿತ್ತು. ಹಾವಿನ ಕತ್ತಿನ ಹಕ್ಕಿಯೊಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಹಾಕಿಕೊಂಡಿತ್ತು. ನೀರುನಾಯಿಗಳು ಮೂರ್ನಾಲ್ಕು ತಲೆಯೆತ್ತಿ ನಮ್ಮನ್ನು ನೋಡಿ, ಇವರು ಯಾರೋ ಏನೋ ಅನ್ನುವಂತೆ ಮತ್ತೆ ಮುಳುಗಿದವು. ಎದುರು ದಂಡೆಯ ಅಟ್ಟಣಿಗೆಯ ಮೇಲೆ ಸೊಂಟದವರೆಗೆ ಕೆಸರಾದ ನಮ್ಮ ಗುಂಪಿನವರು ನಿಂತಿದ್ದರು. ಹೆಲೆನ್ ನನ್ನನ್ನು ಗುರುತಿಸಿ ಚಪ್ಪಾಳೆ ತಟ್ಟಿದಳು. ಜರ್ಮನ್ ದಂಪತಿಗಳೂ ಸೇರಿಕೊಂಡರು. ನನಗೆ ಹಿಡಿಸಲಿಲ್ಲ. ನಾನು ಕೆರೆ ನೋಡಲು ಬಂದವಳು. ಅವರು ಬಂದಾಗ ನಾನು ಚಪ್ಪಾಳೆ ತಟ್ಟಿದೆನೇ?

ಅಜ್ಮಾನ್ ತಟ್ಟಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

ಅಜ್ಮಾನನ ಸಿಟ್ಟು

ಸಂಜೆ ಊಟದ ಮೇಜಿನಲ್ಲಿ ಅವನು ಎಲ್ಲರೆದುರೇ ಹೇಳಿದ, "ನಾಳೆ ಸಾಮಾನು ತರಲು ಸಂಡಾಕನ್‌ಗೆ ದೋಣಿ ಹೋಗುತ್ತದೆ. ನೀವಿಬ್ಬರೂ ಅದರಲ್ಲಿ ಹೊರಡಬೇಕು."

"ಯಾಕೆ?"

"ನಾನು ಬೇಡ ಅಂದಿದ್ದೆ."

"ನೀನು ಕೆಸರಿನಲ್ಲಿ ನಡೆಯುವುದು ಬೇಡ ಅಂದೆ. ನಾನು ನಡೆಯಲಿಲ್ಲ."

ಅವನು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಟ್ಟಿದ. "ಹಳ್ಳದ ಆ ತಿರುವಿನಲ್ಲಿ ನನ್ನ ಚಿಕ್ಕಪ್ಪನ ಮಗನನ್ನು ಮೊಸಳೆ ಎಳೆದುಕೊಂಡು ಹೋಯಿತು. ನೀವು ಕೂತಿದ್ದಿರಂತಲ್ಲ, ಆ ಮರ ಬಿದ್ದ ಜಾಗ. ನಮಗೆ ಅವನ ಅಂಗಿ ಸಿಕ್ಕಿತು. ನೀವು ಅಲ್ಲಿಂದ ಬರುವುದನ್ನು ನೋಡಿದಾಗ ನನಗೆ ಏನಾಯಿತು ಗೊತ್ತೇ?"

ಜಯಕ್ಕನಿಗೆ ನಾನು ಕನ್ನಡದಲ್ಲಿ ಹೇಳಿದೆ. ಅವಳು "ಅಯ್ಯೋ ಶಿವನೇ" ಅಂತ ಬಾಯಿಗೆ ಸೆರಗು ಹಿಡಿದಳು. ಕೆಸರಿನಲ್ಲಿ ಊರಿದ್ದ ನನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ.

"ಮಾಕ್ ಸಿತಿ ದಿನಾ ಹೋಗುತ್ತಾಳಲ್ಲ?" ಅಂದೆ.

"ಅವಳಿಗೆ ಬೇರೆ ದಾರಿ ಇಲ್ಲ. ನಿಮಗಿತ್ತು."

ಮಾತು ನಾಟಿತು. ನನಗೂ ಇರಲಿಲ್ಲ ಅಂತ ಹೇಳೋಣ ಅನ್ನಿಸಿತು, ಆದರೆ ಅದು ಸುಳ್ಳು. ನನಗೆ ವರಾಂಡದ ಕುರ್ಚಿ ಇತ್ತು. ಚಿಕ್ಕಂದಿನಿಂದ ಅದು ನನಗೆ ಇದ್ದೇ ಇದೆ.

"ಅಜ್ಮಾನ್," ಅಂದೆ, "ನಿನ್ನ ತಮ್ಮನ ವಿಷಯ ಕೇಳಿ ಸಂಕಟವಾಯಿತು. ಆದರೆ ನೋಡು. ಬೆಳಿಗ್ಗೆ ನೀನು ನನಗೆ ನನ್ನ ಕಾಲಿನ ವಿಷಯ ಹೇಳಿದೆ. ಅದು ನನಗೆ ಐವತ್ತು ವರ್ಷದಿಂದ ಗೊತ್ತು. ಮೊಸಳೆಯ ವಿಷಯ ಹೇಳಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ಮೊಸಳೆ ಇದೆ ಅಂದಿದ್ದರೆ ನಾನು ಕೂತು ಯೋಚಿಸುತ್ತಿದ್ದೆ. ಹೋಗುತ್ತಿದ್ದೆನೋ ಬಿಡುತ್ತಿದ್ದೆನೋ, ನಾನೇ ತೀರ್ಮಾನ ಮಾಡುತ್ತಿದ್ದೆ. ಈ ಹೆಲೆನ್‌ಗೆ ದಾರಿಯ ಕಷ್ಟವೆಲ್ಲ ಬಿಡಿಸಿ ಹೇಳಿದೆ. ನನಗೆ ಕುರ್ಚಿ ತೋರಿಸಿದೆ."

ಅವನು ಎದ್ದು ಹೋದ.

"ಏನಂದೆ ಅವ್ನಿಗೆ?" ಅಂದಳು ಜಯಕ್ಕ. ಹೇಳಿದೆ. ಅವಳು "ಸರಿಯಾಗೇ ಅಂದೆ. ಆದ್ರೂ ಅವ್ನು ಹೆದರಿದ್ದ ಕಣೇ, ಸಿಟ್ಟಲ್ಲ ಅದು" ಅಂದಳು. ಅದೂ ಸರಿಯೇ.

ಬೆಳಿಗ್ಗೆ ನಾನು ಚೀಲ ಕಟ್ಟಲಿಲ್ಲ. ವರಾಂಡದ ಅಂಚಿನಲ್ಲಿ ಪೂಜೆ ಮುಗಿಸಿ ಕಣ್ಣು ಬಿಟ್ಟಾಗ ಅಜ್ಮಾನ್ ಎದುರಿಗೆ ನೆಲದ ಮೇಲೆ ಕೂತಿದ್ದ. ಸಂಡಾಕನ್‌ಗೆ ಹೋಗುವ ದೋಣಿ ಆಗಲೇ ಹೋಗಿತ್ತು. ಸೊಟ್ಟಗಾಗಿದ್ದ ಕಬ್ಬಿಣದ ಪಟ್ಟಿಯನ್ನು ಕೇಳಿ ಇಸಿದುಕೊಂಡು ಕಲ್ಲಿನ ಮೇಲಿಟ್ಟು ಬಡಿದು ನೋಡಿದ. ಶೂ ಇಲ್ಲದೆ ಅದರಿಂದ ಪ್ರಯೋಜನವಿರಲಿಲ್ಲ. ಎರಡು ಬಿದಿರು ಕಡಿದು, ಕಂಕುಳಿಗೆ ಬಟ್ಟೆ ಸುತ್ತಿ ಊರುಗೋಲು ಮಾಡಿಕೊಟ್ಟ. ಒಂದು ಉದ್ದ, ಒಂದು ಗಿಡ್ಡ ಆಗಿತ್ತು.

"ಸರಿಯಾಗಿದೆ. ನನ್ನ ಕಾಲಿನ ಹಾಗೇ ಇದೆ" ಅಂದೆ. ಅವನು ನಗಬೇಕೋ ಬೇಡವೋ ಅಂತ ನೋಡಿ, ಆಮೇಲೆ ನಕ್ಕ.

ಬೇಲಿ

ಕೊನೆಯ ದಿನ ಮಧ್ಯಾಹ್ನ ಅಜ್ಮಾನ್ ಅವಸರದಲ್ಲಿ ಬಂದ. ಹೊಳೆಯ ಮೇಲ್ಭಾಗದಲ್ಲಿ ಆನೆಯ ಹಿಂಡು ಇಳಿದಿದೆಯಂತೆ. ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: ಹಿಂಡಿನಲ್ಲಿ ಮರಿಗಳಿವೆ. ತಾಯಿ ಸಿಟ್ಟಾದರೆ ದೋಣಿ ತಿರುಗಿಸಲು ಜಾಗ ಕಡಿಮೆ. ದಂಡೆಯ ಹುಲ್ಲಿನಲ್ಲಿ ಮೊಸಳೆ ಇರಬಹುದು. ದೋಣಿ ಮಗುಚಿದರೆ ಈಜಬೇಕು. ಹೇಳಿ ಮುಗಿಸಿ ಮೊದಲು ನನ್ನನ್ನು ಕೇಳಿದ, "ಬರುತ್ತೀರಾ?"

"ನನಗೆ ಈಜು ಬರುವುದಿಲ್ಲ."

"ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ."

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. "ಬರುತ್ತೇನೆ" ಅಂದೆ.

ಕಟ್ಟೆಯಿಂದ ಹಾಕಿದ ಹಲಗೆಯ ಮೇಲೆ ಜಾರಿ ದೋಣಿಗೆ ಇಳಿದೆ. ಹೊಳೆಯ ಅಂಚಿನ ಕಾಡು ಮೇಲಕ್ಕೆ ಹೋದಂತೆ ತೆಳುವಾಗುತ್ತ ಬಂತು. ಒಂದು ಸಾಲು ಮರ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಒಂದೇ ಎತ್ತರದ ತಾಳೆಗಳು. ನಮ್ಮ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಬರುತ್ತದಲ್ಲ, ಆ ಪಾಮ್ ಎಣ್ಣೆಯ ತೋಟ. ನಮ್ಮ ಕೊಬ್ಬರಿ ಎಣ್ಣೆಯನ್ನು ಮೂಲೆಗೆ ತಳ್ಳಿದ್ದು ಎಲ್ಲಿ ಬೆಳೆಯುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆ. ನಮ್ಮ ತೆಂಗಿನ ತೋಟದಲ್ಲಿ ಬಾಳೆ ಇರುತ್ತದೆ, ಹುರುಳಿ ಇರುತ್ತದೆ, ದನ ಕಟ್ಟಿರುತ್ತಾರೆ, ಯಾರೋ ಯಾರನ್ನೋ ಕೂಗುತ್ತಿರುತ್ತಾರೆ. ಇಲ್ಲಿ ತಾಳೆ ಬಿಟ್ಟರೆ ತಾಳೆ. ತೋಟದವರು ಹಾಕಿದ ಕರೆಂಟಿನ ತಂತಿಬೇಲಿ ದಿಬ್ಬ ಇಳಿದು ನೀರಿನ ಅಂಚಿನವರೆಗೆ ಬಂದಿತ್ತು.

ಬೇಲಿಯ ಈಚೆ ಆನೆಗಳು ನಿಂತಿದ್ದವು. ನಮ್ಮ ಕಡೆಯ ಆನೆಗಿಂತ ಗಿಡ್ಡ, ದುಂಡು ಮುಖ, ನೆಲ ಮುಟ್ಟುವ ಬಾಲ. ಅಜ್ಮಾನ್ ಇಂಜಿನ್ ನಿಲ್ಲಿಸಿ, ಒಂದು ಬೇರಿಗೆ ಹಗ್ಗ ಸಿಕ್ಕಿಸಿ, "ಗಾಜಾ" ಅಂತ ಪಿಸುಗುಟ್ಟಿದ.

"ಗಜ ಅಂತಾನಾ? ಇದೊಂದು ನಂಗೂ ಅರ್ಥವಾಯ್ತು" ಅಂದಳು ಜಯಕ್ಕ. ಅವಳ ಮುಖ ಮಾತ್ರ ಬಿಗಿದುಕೊಂಡಿತ್ತು. ಅವಳ ತವರು ಬೇಲೂರಿನ ಆಚೆ. ಅಲ್ಲಿ ಆನೆ ಅಂದರೆ ಗದ್ದೆಗೆ ನುಗ್ಗುವ ಪ್ರಾಣಿ. "ನಮ್ಮಣ್ಣನ ಭತ್ತ ಎಲ್ಲಾ ತುಳ್ದು ಹೋದ್ವು. ಇವನ್ನ ಹಿಡ್ಕೊಂಡು ಹೋಗಿ ಅಂತ ನಾನೂ ರಸ್ತೇಲಿ ಕೂತು ಕೂಗಿದೀನಿ" ಅಂದಳು.

ಒಂದು ಮರಿಯಾನೆ ಬೇಲಿಯ ಕಡೆ ಸೊಂಡಿಲು ಚಾಚಿತು. ತಾಯಿ ಅದನ್ನು ಹಿಂದಕ್ಕೆ ತಳ್ಳಿತು. ತೋಟದ ಒಳಗಿನಿಂದ ಯಾರೋ ಡಬ್ಬ ಬಡಿದ ಸದ್ದು ಬಂತು. ಹಿಂಡು ಒಂದಕ್ಕೊಂದು ಒತ್ತಿಕೊಂಡು ನಿಂತಿತು. ಹಿಂದೆ ಅವು ತಿಂದು ಮುಗಿಸಿದ ಹುಲ್ಲು, ಮುಂದೆ ತಂತಿ.

ಆಮೇಲೆ ಕಿವಿ ಹರಿದ ಮುದಿ ಹೆಣ್ಣಾನೆಯೊಂದು ನೀರಿಗೆ ಇಳಿಯಿತು. ಅವಸರವಿಲ್ಲ. ಮೊಣಕಾಲು, ಹೊಟ್ಟೆ, ಬೆನ್ನು. ಕೊನೆಗೆ ಸೊಂಡಿಲು, ಹಣೆ ಮಾತ್ರ ಮೇಲೆ. ಬೇಲಿಯ ಕೊನೆಯ ಕಂಬವನ್ನು ನೀರಿನಲ್ಲೇ ಸುತ್ತು ಹಾಕಿ ಈಜತೊಡಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮರಿಗಳು ನಡುವೆ.

"ಹಳೇಬೀಡು ಗುಡಿ ಗೋಡೆ ಕೆಳಗ್ಲ ಸಾಲಿದ್ದಂಗೈತಲ್ಲೇ" ಅಂತ ಜಯಕ್ಕ ನನ್ನ ತೋಳು ಹಿಡಿದಳು.

ಕೊನೆಯ ಮರಿ ಸುಳಿಗೆ ಸಿಕ್ಕಿತು. ಹೊಳೆ ಅದನ್ನು ನಮ್ಮ ಕಡೆಗೆ ಎಳೆಯತೊಡಗಿತು. ಸೊಂಡಿಲು ಒಮ್ಮೆ ಮೇಲೆ ಬಂತು, ಮುಳುಗಿತು, ಮತ್ತೆ ಬಂತು. ಹಿಂದಿದ್ದ ತಾಯಿ ತಿರುಗಿತು. ಅದು ತಿರುಗಿದ್ದು ನೇರ ನಮ್ಮ ದೋಣಿಯ ಕಡೆಗೆ. ಅಜ್ಮಾನ್ ಹಗ್ಗ ಬಿಚ್ಚಿ ಇಂಜಿನ್ನಿನ ಮೇಲೆ ಕೈಯಿಟ್ಟ. ಆದರೆ ಚಾಲೂ ಮಾಡಲಿಲ್ಲ. ಸದ್ದು ಮಾಡಿದರೆ ಮರಿ ಹೆದರಿ ನಡುಹೊಳೆಗೆ ಹೋಗುತ್ತದೆ ಅಂತ ಆಮೇಲೆ ಹೇಳಿದ. ನಾನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ತಾಯಿಯ ಉಸಿರಿನ ತುಂತುರು ನಮ್ಮ ಮುಖಕ್ಕೆ ಹಾರಿತು. ಅಷ್ಟು ಹತ್ತಿರ.

ಜಯಕ್ಕನಿಗೆ ತಡೆಯಲಾಗಲಿಲ್ಲ. "ಕಾಲಾಡ್ಸೋ ಮಗಾ! ಕಾಲಾಡ್ಸು! ಹೋಗ್ರವ್ವಾ, ನಿಲ್ಬೇಡಿ!" ಅಂತ ಹುಲಿಕೆರೆಯ ಗದ್ದೆ ಬದುವಿನ ಮೇಲೆ ನಿಂತವಳಂತೆ ಕೂಗಿದಳು. ಅಜ್ಮಾನ್ "ಶ್!" ಅಂದ. ತಾಯಿ ಮರಿಯ ಕೆಳಬದಿಗೆ ಬಂದು ತನ್ನ ಮೈಯನ್ನೇ ಒಡ್ಡಿತು. ಮರಿ ಅದಕ್ಕೆ ಒರಗಿಕೊಂಡಿತು. ಎರಡೂ ನಿಧಾನವಾಗಿ, ಹೊಳೆಗೆ ಎದುರಾಗಿ, ಕಂಬ ದಾಟಿದವು.

ಬೇಲಿ ಮುಗಿದ ಆಚೆಯ ದಂಡೆ ಕಡಿದಾಗಿತ್ತು. ಮರಿ ಹತ್ತಿತು, ಜಾರಿತು, ಮತ್ತೆ ಹತ್ತಿತು. ಮುಂದಿನ ಮೊಣಕಾಲೂರಿ, ಸೊಂಡಿಲನ್ನು ಒಂದು ಬೇರಿಗೆ ಸುತ್ತಿ, ಕೆಸರು ಮೆತ್ತಿಕೊಂಡು ಮೇಲೆ ಬಂತು. ಅಲ್ಲಿ ಹಸಿರು ಹುಲ್ಲಿತ್ತು. ಡಬ್ಬ ಬಡಿಯುವವರು ಬೇಲಿಯೊಳಗೆ ಬಡಿಯುತ್ತಲೇ ಇದ್ದರು.

ಜಯಕ್ಕ ಕಣ್ಣೊರೆಸಿಕೊಂಡು, "ನಮ್ಮೂರಿಗೆ ಬಂದ್ರೆ ಮಾತ್ರ ಪಟಾಕಿ ಹೊಡೀತೀನಿ, ಅದು ಬೇರೆ ಮಾತು" ಅಂದಳು.

ಬಿಸಿಲು ಇಳಿಯುತ್ತಿತ್ತು. ಅಜ್ಮಾನ್ ಇಂಜಿನ್ ಚಾಲೂ ಮಾಡಿ, ಹಿಂದಕ್ಕೆ ಹೋಗೋಣವೇ ಅಂತ ಮುಂದಿನ ಸೀಟಿನತ್ತ ನೋಡಿದ. ಉಳಿದವರೂ ನನ್ನ ಕಡೆ ನೋಡಿದರು.

"ಆ ತಿರುವಿನಾಚೆ ಏನಿದೆ?" ಅಂದೆ.

"ಪ್ರವಾಹ ಬಂದ ಮೇಲೆ ನಾನೂ ಅಲ್ಲಿಗೆ ಹೋಗಿಲ್ಲ. ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲ, ಮೇಡಂ."

"ಇನ್ನೂ ಬೆಳಕಿದೆ" ಅಂದೆ. "ಮೇಲಕ್ಕೆ ನಡಿ."